ನರರಸಾಯನ ಮತ್ತು ಜನ್ಮಜಾತ ಚಯಾಪಚಯ ದೋಷಗಳು: ವೆಲ್ಲೂರಿನ ಪ್ರಯೋಗಶಾಲೆಯಿಂದ ಕುಂದಾಪುರದ ತೊಟ್ಟಿಲವರೆಗೆ

ಮಿದುಳು ಮತ್ತು ನರಗಳ ಒಳಗೆ ನಡೆಯುವ ರಾಸಾಯನಿಕ ಕ್ರಿಯೆಗಳನ್ನು ಅಭ್ಯಾಸ ಮಾಡುವ ಶಾಸ್ತ್ರ ನರರಸಾಯನ. ಉಂಡ ಅನ್ನ ಶಕ್ತಿಯಾಗಿ, ರಕ್ತಮಾಂಸವಾಗಿ ಬದಲಾಗುವ, ಬೇಡದ್ದು ಹೊರಬೀಳುವ ಒಟ್ಟು ವ್ಯವಸ್ಥೆಯೇ ಚಯಾಪಚಯ. ಅದರ ಒಂದೊಂದು ಹೆಜ್ಜೆಯನ್ನೂ ಒಂದೊಂದು ಕಿಣ್ವ ನಡೆಸುತ್ತದೆ. ಹುಟ್ಟುವಾಗಲೇ ಯಾವುದೋ ಒಂದು ಕಿಣ್ವ ಇಲ್ಲದಿದ್ದರೆ, ಇದ್ದೂ ಕೆಲಸಕ್ಕೆ ಬಾರದಿದ್ದರೆ, ಆ ಹೆಜ್ಜೆಗೆ ಬಂದ ವಸ್ತು ಅಲ್ಲೇ ಕಟ್ಟಿಕೊಳ್ಳುತ್ತದೆ. ಮುಂದೆ ಹುಟ್ಟಬೇಕಾದದ್ದು ಹುಟ್ಟುವುದಿಲ್ಲ. ಇಂಥ ಕೊರತೆಗಳಿಗೆ ಜನ್ಮಜಾತ ಚಯಾಪಚಯ ದೋಷ ಎಂದು ಹೆಸರು. ಈವರೆಗೆ ಗುರುತಿಸಿರುವ ಬಗೆಗಳು ಸಾವಿರಕ್ಕೂ ಮೀರಿವೆ. ಬಿಡಿಬಿಡಿಯಾಗಿ ನೋಡಿದರೆ ಒಂದೊಂದೂ ಅಪರೂಪ, ಒಟ್ಟು ಸೇರಿಸಿದರೆ ಅಪರೂಪವಲ್ಲ.

ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ ಎರಡರಷ್ಟು ಮಾತ್ರ. ಆದರೂ ವಿಶ್ರಾಂತಿಯಲ್ಲಿರುವ ಮನುಷ್ಯ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೇ ಒಂದು ಭಾಗ ಅದಕ್ಕೇ ಬೇಕು. ಇಷ್ಟು ದುಡಿಯುವ ಅಂಗಕ್ಕೆ ರಕ್ತದ ರಸಾಯನದಲ್ಲಿ ಸ್ವಲ್ಪ ಏರುಪೇರಾದರೂ ಪೆಟ್ಟು ಬೀಳುತ್ತದೆ. ಹುಟ್ಟಿದ ಮೊದಲ ವರ್ಷಗಳಲ್ಲಂತೂ ಮಿದುಳು ಇನ್ನೂ ಬೆಳೆಯುತ್ತಿರುತ್ತದೆ. ಆಗ ಆದ ಹಾನಿಯನ್ನು ಆಮೇಲೆ ತಿದ್ದಲು ಬರುವುದಿಲ್ಲ. ಚಯಾಪಚಯ ದೋಷಗಳ ಸಂಶೋಧನೆ ಬಹುಪಾಲು ನರರಸಾಯನದ ಮನೆಯಲ್ಲೇ ಬೆಳೆದದ್ದಕ್ಕೆ ಇದೇ ಕಾರಣ.

ಆರಂಭ

ಇಂಗ್ಲೆಂಡಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲಿ ಆಲ್ಕ್ಯಾಪ್ಟೋನೂರಿಯ ಎಂಬ ಸ್ಥಿತಿಯನ್ನು ವಿವರಿಸಿದ. ಗಾಳಿಗಿಟ್ಟರೆ ಮೂತ್ರ ಕಪ್ಪಾಗುವುದು ಅದರ ಗುರುತು. ಅಂಥ ಮಕ್ಕಳ ತಂದೆತಾಯಿ ಅನೇಕ ವೇಳೆ ಹತ್ತಿರದ ರಕ್ತಸಂಬಂಧಿಗಳೆಂಬುದನ್ನು ಅವನು ಗಮನಿಸಿದ. 1908ರ ಉಪನ್ಯಾಸಗಳಲ್ಲಿ ಇಂಥ ದೋಷಗಳಿಗೆಲ್ಲ ಒಂದೇ ಸೂತ್ರ ಕೊಟ್ಟ: ವಂಶದಿಂದ ಬಂದದ್ದು, ಚಯಾಪಚಯದ ಒಂದು ಹೆಜ್ಜೆಯಲ್ಲಿ ಎಡವಿದ್ದು. ಜೀನ್ ಎಂದರೇನೆಂದು ಯಾರಿಗೂ ಸರಿಯಾಗಿ ತಿಳಿಯದ ಕಾಲದಲ್ಲಿ ಆಡಿದ ಈ ಮಾತು ಇಂದಿಗೂ ಹಾಗೆಯೇ ನಿಂತಿದೆ.

ಮಿದುಳಿನ ನಂಟು ಸ್ಪಷ್ಟವಾದದ್ದು 1934ರಲ್ಲಿ. ನಾರ್ವೆಯ ಒಬ್ಬ ತಾಯಿಗೆ ಇಬ್ಬರು ಮಕ್ಕಳು, ಇಬ್ಬರಿಗೂ ಬುದ್ಧಿಮಾಂದ್ಯ. ಮಕ್ಕಳ ಮೈಯಿಂದ ಬರುವ ಒಂದು ವಿಚಿತ್ರ ವಾಸನೆಯ ಕಾರಣ ತಿಳಿಯಲೇಬೇಕೆಂದು ಆಕೆ ವೈದ್ಯರಿಂದ ವೈದ್ಯರಿಗೆ ಅಲೆದಳು. ಕೊನೆಗೆ ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯ ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಹಸಿರಾಯಿತು. ಫಿನೈಲ್‌ಅಲನೀನ್ ಎಂಬ ಅಮೈನೊ ಆಮ್ಲವನ್ನು ಟೈರೋಸಿನ್ ಆಗಿ ಬದಲಿಸುವ ಕಿಣ್ವ ಕೈಕೊಟ್ಟ ಕಾಯಿಲೆ ಅದು. ಫಿನೈಲ್‌ಕೀಟೋನೂರಿಯ, ಅಂದರೆ ಪಿಕೆಯು, ಎಂದು ಇಂದು ಕರೆಯುವುದು ಇದನ್ನೇ. ಈ ಶಾಸ್ತ್ರದ ಬಹುದೊಡ್ಡ ಶೋಧ ಒಬ್ಬ ತಾಯಿಯ ಹಟದಿಂದ ಶುರುವಾಯಿತು ಎಂಬುದನ್ನು ಮರೆಯಬಾರದು.

1953ರಲ್ಲಿ ಬರ್ಮಿಂಗ್‌ಹ್ಯಾಮಿನ ಹಾರ್ಸ್ಟ್ ಬಿಕಲ್ ಮತ್ತು ಸಂಗಡಿಗರು ಫಿನೈಲ್‌ಅಲನೀನ್ ಕಡಿಮೆ ಮಾಡಿದ ಆಹಾರದಿಂದ ಮಗು ಸುಧಾರಿಸುವುದನ್ನು ತೋರಿಸಿದರು. 1960ರ ದಶಕದ ಮೊದಲಲ್ಲಿ ಅಮೆರಿಕದ ರಾಬರ್ಟ್ ಗತ್ರಿ ಹಸುಗೂಸಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯನ್ನು ಶೋಧಕ ಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ಉಪಾಯ ಕಂಡುಹಿಡಿದ. ಕಾಗದ ಅಂಚೆಯಲ್ಲಿ ಹೋಗಬಲ್ಲದು; ಮಗು ಎಲ್ಲಿಗೂ ಹೋಗಬೇಕಿಲ್ಲ.

ವೆಲ್ಲೂರು: ಬಚಾವತ್ ಅವರ ಸಂಶೋಧನಾ ಬದುಕು

ಭಾರತದಲ್ಲಿ ಈ ಶಾಸ್ತ್ರಕ್ಕೆ ತಳಪಾಯ ಹಾಕಿದವರಲ್ಲಿ ಮೊದಲ ಹೆಸರು ಬಿಮಲ್ ಕುಮಾರ್ ಬಚಾವತ್ (1925–1996) ಅವರದು. ಕೋಲ್ಕತ್ತದಲ್ಲಿ ಹುಟ್ಟಿದ ಅವರು ಅಮೆರಿಕದಲ್ಲಿ ಜೀವರಸಾಯನಜ್ಞ ಮೈನರ್ ಕೂನ್ ಜೊತೆ ಕೆಲಸ ಮಾಡುತ್ತಿದ್ದಾಗ ಲ್ಯೂಸಿನ್ ಎಂಬ ಅಮೈನೊ ಆಮ್ಲ ದೇಹದಲ್ಲಿ ಹೇಗೆ ಒಡೆಯುತ್ತದೆ ಎಂಬ ಪ್ರಶ್ನೆಯ ಹಿಂದೆ ಬಿದ್ದರು. 1955ರಲ್ಲಿ ಆ ದಾರಿಯ ಕೊನೆಯ ಹೆಜ್ಜೆಯನ್ನು ನಡೆಸುವ ಕಿಣ್ವವನ್ನು ವರದಿ ಮಾಡಿದರು. ಎಚ್‌ಎಂಜಿ ಕೋಎ ಲಯೇಸ್ ಎಂಬುದು ಅದರ ಇಂದಿನ ಹೆಸರು. ಹಸಿವಿನ ಹೊತ್ತಿನಲ್ಲಿ ಮಿದುಳಿಗೆ ಸಕ್ಕರೆಯ ಬದಲು ಸಿಗುವ ಕೀಟೋನ್ ಇಂಧನ ತಯಾರಾಗುವುದೂ ಇದೇ ಕಿಣ್ವದಿಂದ. ಅಂದು ಅದು ಶುದ್ಧ ರಸಾಯನದ ಕೆಲಸ. ಯಾವ ರೋಗಿಯೂ ಎದುರಿಗೆ ಇರಲಿಲ್ಲ. ಇಪ್ಪತ್ತೊಂದು ವರ್ಷದ ಮೇಲೆ, 1976ರಲ್ಲಿ, ಇದೇ ಕಿಣ್ವದ ಕೊರತೆಯಿಂದ ಕಾಯಿಲೆ ಬೀಳುವ ಶಿಶುಗಳ ವಿಷಯ ವೈದ್ಯ ಸಾಹಿತ್ಯಕ್ಕೆ ಬಂತು. ಹೊತ್ತಿಗೆ ಸರಿಯಾಗಿ ಹಾಲು ಕುಡಿಯದಿದ್ದರೆ ಈ ಮಕ್ಕಳ ರಕ್ತದ ಸಕ್ಕರೆ ಕುಸಿಯುತ್ತದೆ, ಬದಲಿ ಇಂಧನವೂ ಹುಟ್ಟುವುದಿಲ್ಲ. ಮೂಲ ವಿಜ್ಞಾನದಿಂದ ಏನು ಲಾಭ ಎಂದು ಕೇಳುವವರಿಗೆ ಈ ಇಪ್ಪತ್ತೊಂದು ವರ್ಷಗಳೇ ಉತ್ತರ.

1950ರ ದಶಕದ ಕೊನೆಗೆ ಅವರು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ನರಶಸ್ತ್ರವೈದ್ಯ ಜೇಕಬ್ ಚಾಂಡಿ 1949ರಲ್ಲಿ ಅಲ್ಲಿ ನರವಿಜ್ಞಾನದ ವಿಭಾಗ ತೆರೆದಿದ್ದರು. ಅದರ ಜೊತೆಯಲ್ಲೇ ನರರಸಾಯನ ಪ್ರಯೋಗಶಾಲೆ ಎದ್ದಿತು. ಆಸ್ಪತ್ರೆ ಮತ್ತು ಪ್ರಯೋಗಶಾಲೆ ಒಂದೇ ಆವರಣದಲ್ಲಿದ್ದುದು ದೊಡ್ಡ ಅನುಕೂಲ. ರೋಗಿ ಆ ಕಡೆಯ ವಾರ್ಡಿನಲ್ಲಿ, ಅವನ ರೋಗದ ರಸಾಯನ ಈ ಕಡೆಯ ಮೇಜಿನ ಮೇಲೆ.

ಅಲ್ಲಿನ ಅತಿ ಮುಖ್ಯ ಕೆಲಸ ಮೆಟಕ್ರೊಮ್ಯಾಟಿಕ್ ಲ್ಯೂಕೊಡಿಸ್ಟ್ರೊಫಿ ಎಂಬ ಕಾಯಿಲೆಯದು. ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಸಂಜ್ಞೆಗಳು ವೇಗವಾಗಿ ಓಡುವುದು ಅದರಿಂದಲೇ. ಆ ಹೊದಿಕೆಯ ಒಂದು ಘಟಕ ಸಲ್ಫಟೈಡ್. ಹಳೆಯದಾದ ಸಲ್ಫಟೈಡನ್ನು ಒಡೆದು ಖಾಲಿ ಮಾಡುವ ಕೆಲಸ ಆರಿಲ್‌ಸಲ್ಫಟೇಸ್ ಎ ಎಂಬ ಕಿಣ್ವದ್ದು. ಅದು ಇಲ್ಲದ ಮಗು ಹುಟ್ಟುವಾಗ ಎಲ್ಲ ಮಕ್ಕಳಂತೆಯೇ ಇರುತ್ತದೆ, ನಗುತ್ತದೆ, ನಿಲ್ಲುತ್ತದೆ, ನಡೆಯುತ್ತದೆ. ಒಂದೆರಡು ವರ್ಷದ ಹೊತ್ತಿಗೆ ಎಡವಲು ಶುರು. ಮೆಲ್ಲಮೆಲ್ಲನೆ ನಡಿಗೆ ಹೋಗುತ್ತದೆ, ಮಾತು ಹೋಗುತ್ತದೆ. ಕಲಿತದ್ದನ್ನೆಲ್ಲ ಮಗು ಕಣ್ಣೆದುರೇ ಕಳೆದುಕೊಳ್ಳುವುದನ್ನು ತಂದೆತಾಯಿ ನೋಡಬೇಕಾಗುತ್ತದೆ.

ಈ ಕಾಯಿಲೆಯಲ್ಲಿ ಆರಿಲ್‌ಸಲ್ಫಟೇಸ್ ಎ ಕೊರತೆಯಿದೆ ಎಂದು ಸಾಧಿಸಿ ತೋರಿಸಿದ ಪ್ರಬಂಧ 1963ರಲ್ಲಿ ‘ಜರ್ನಲ್ ಆಫ್ ನ್ಯೂರೋಕೆಮಿಸ್ಟ್ರಿ’ಯಲ್ಲಿ ಬಂತು. ಅಮೆರಿಕದ ಜೇಮ್ಸ್ ಆಸ್ಟಿನ್ ಮೊದಲ ಲೇಖಕ. ಉಳಿದವರು ಬಾಲಸುಬ್ರಮಣಿಯನ್, ಪಟ್ಟಾಭಿರಾಮನ್, ಸರಸ್ವತಿ, ಬಸು ಮತ್ತು ಬಚಾವತ್. ಲೇಖಕರ ಸಾಲಿನಲ್ಲಿರುವ ಈ ಭಾರತೀಯ ಹೆಸರುಗಳನ್ನು ಬೊಟ್ಟುಮಾಡಿ ತೋರಿಸಲೇಬೇಕು, ಏಕೆಂದರೆ ಕಾಯಿಲೆಯ ಚರಿತ್ರೆ ಬರೆಯುವವರು ಮೊದಲ ಹೆಸರೊಂದನ್ನೇ ಹೇಳಿ ಮುಂದೆ ಹೋಗುವುದುಂಟು. ಕಾಯಿಲೆಗೆ ಜೀನ್ ಚಿಕಿತ್ಸೆ ಬರಲು ಮತ್ತೆ ಅರ್ಧ ಶತಮಾನಕ್ಕೂ ಹೆಚ್ಚು ಬೇಕಾಯಿತು. ಮಗುವಿನದೇ ರಕ್ತದ ಮೂಲಕೋಶಗಳಿಗೆ ಸರಿಯಾದ ಜೀನ್ ಸೇರಿಸಿ ಮರಳಿಸುವ ಚಿಕಿತ್ಸೆಗೆ 2020ರಲ್ಲಿ ಯುರೋಪಿನಲ್ಲೂ 2024ರಲ್ಲಿ ಅಮೆರಿಕದಲ್ಲೂ ಒಪ್ಪಿಗೆ ಸಿಕ್ಕಿತು. ಅಮೆರಿಕದಲ್ಲಿ ಆ ವರ್ಷ ಅದಕ್ಕೆ ನಿಗದಿಯಾದ ಬೆಲೆ 42.5 ಲಕ್ಷ ಡಾಲರ್. ಲಕ್ಷಣ ಕಾಣಿಸಿಕೊಳ್ಳುವ ಮೊದಲೇ ಕೊಟ್ಟರೆ ಮಾತ್ರ ಅದರ ಪೂರ್ಣ ಫಲ.

ಬಚಾವತ್ 1962ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದರು. 1976ರಿಂದ ಕೋಲ್ಕತ್ತದ ರಾಸಾಯನಿಕ ಜೀವವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ, ಆಮೇಲೆ ದೆಹಲಿ ವಿಶ್ವವಿದ್ಯಾಲಯದಲ್ಲಿ ದುಡಿದರು. ಔಷಧವನ್ನು ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿಟ್ಟು ಬೇಕಾದ ಜಾಗಕ್ಕೆ ತಲುಪಿಸುವ ಲೈಪೊಸೋಮ್ ವಿಧಾನ ಅವರ ಕೊನೆಯ ದಶಕಗಳ ಆಸಕ್ತಿ. 1990ರಲ್ಲಿ ಪದ್ಮಭೂಷಣ ಬಂತು. ಆದರೆ ಅವರ ಹಿರಿಮೆ ಪ್ರಶಸ್ತಿಗಳಿಗಿಂತ ಶಿಷ್ಯರಲ್ಲಿದೆ. ಆ ಶಿಷ್ಯಸಾಲಿನ ಇಬ್ಬರು ಕರ್ನಾಟಕದಲ್ಲಿ ನೆಲೆಸಿ ಕೆಲಸ ಮಾಡಿದರು: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವಧೇಶ ಸುರೋಲಿಯ, ಮಣಿಪಾಲದಲ್ಲಿ ಟಿ. ಎನ್. ಪಟ್ಟಾಭಿರಾಮನ್.

ಮಣಿಪಾಲ

ಡಾ. ಟಿ. ಎಂ. ಎ. ಪೈ 1953ರಲ್ಲಿ ಕಟ್ಟಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಬ್ರಹ್ಮಾವರ, ಕುಂದಾಪುರ, ಬೈಂದೂರು ಸೀಮೆಯ ಜನಕ್ಕೆ ದೊಡ್ಡ ಕಾಯಿಲೆಗಳಿಗೆಲ್ಲ ಕೊನೆಯ ಬಾಗಿಲು. ‘ಮಣಿಪಾಲಕ್ಕೆ ಹಾಕಿದ್ದಾರೆ’ ಎಂದರೆ ಕಾಯಿಲೆ ಜೋರಾಗಿದೆ ಎಂದೇ ಇಲ್ಲಿನವರು ಅರ್ಥ ಮಾಡಿಕೊಳ್ಳುತ್ತಾರೆ. ಆ ಕಾಲೇಜಿನ ಜೀವರಸಾಯನ ವಿಭಾಗದಲ್ಲಿ ಪಟ್ಟಾಭಿರಾಮನ್ ಪ್ರಾಧ್ಯಾಪಕರಾಗಿದ್ದರು. ವೆಲ್ಲೂರಿನಲ್ಲಿದ್ದಾಗ 1961ರಲ್ಲಿ ಬಚಾವತ್ ಜೊತೆ ಮನುಷ್ಯ ಮಿದುಳಿನಿಂದಲೇ ಗ್ಲೂಕೋಸಮೀನ್-6-ಫಾಸ್ಫೇಟ್ ಡಿಅಮಿನೇಸ್ ಕಿಣ್ವವನ್ನು ಶುದ್ಧೀಕರಿಸಿದ್ದ ಅವರು, ಮಣಿಪಾಲದಲ್ಲಿ ಕಿಣ್ವಗಳನ್ನು ತಡೆಯುವ ಸಸ್ಯವಸ್ತುಗಳ ಕಡೆ ಹೊರಳಿದರು. ವಿಷಯ ಬೇರೆಯಾಯಿತು, ವಿದ್ಯೆ ಅದೇ.

ಅವರು ಆರಿಸಿಕೊಂಡ ವಸ್ತುಗಳು ನಮ್ಮ ಅಡಿಗೆಮನೆಯವೇ. 1981ರಲ್ಲಿ ಬಿ. ಶಿವರಾಜ್ ಜೊತೆ ‘ಬಯೊಕೆಮಿಕಲ್ ಜರ್ನಲ್’ನಲ್ಲಿ ಬರೆದ ಪ್ರಬಂಧ ರಾಗಿಯದು. ಹಿಟ್ಟಿನಂಶವನ್ನು ಅರಗಿಸುವ ಅಮೈಲೇಸನ್ನೂ ಪ್ರೋಟೀನನ್ನು ಅರಗಿಸುವ ಟ್ರಿಪ್ಸಿನನ್ನೂ ಒಂದೇ ಅಣು ತಡೆಯುತ್ತದೆ ಎಂದು ಅದರಲ್ಲಿ ತೋರಿಸಿದರು. ಒಂದೇ ಪ್ರೋಟೀನಿಗೆ ಎರಡು ಬೇರೆ ಕಿಣ್ವಗಳ ಮೇಲೆ ಹಿಡಿತವಿರುವುದು ಅಪೂರ್ವ ಸಂಗತಿ. ಮುಂದೆ ಜಗತ್ತಿನ ಹಲವು ಪ್ರಯೋಗಶಾಲೆಗಳು ಈ ರಾಗಿ ಪ್ರೋಟೀನಿನ ರಚನೆಯನ್ನು ಬಿಡಿಸಿ ನೋಡಿದವು. 1989ರಲ್ಲಿ ಹಲಸಿನ ಬೀಜದ ಪ್ರೋಟಿಯೇಸ್ ತಡೆಗಳ ಮೇಲಿನ ಪ್ರಬಂಧ ಬಂತು. ಗಡ್ಡೆಗೆಣಸುಗಳಲ್ಲಿರುವ ಟ್ರಿಪ್ಸಿನ್ ತಡೆಗಳೂ ಈ ಸರಣಿಯಲ್ಲಿ ಸೇರಿದ್ದವು. ಬೇಯಿಸಿದಾಗ ಇಂಥ ತಡೆಗಳ ಬಹುಪಾಲು ಶಕ್ತಿ ಉಡುಗುತ್ತದೆ. ಹಲಸಿನ ಬೀಜವನ್ನು ಬೇಯಿಸದೆ, ಸುಡದೆ ಯಾರೂ ತಿನ್ನದಿರುವ ಕರಾವಳಿಯ ಪದ್ಧತಿಗೆ ರಸಾಯನದ ಬೆಂಬಲವೂ ಇದೆ. ವೈದ್ಯ ವಿದ್ಯಾರ್ಥಿಗಳಿಗೆಂದು ಅವರು ಬರೆದ ಜೀವರಸಾಯನದ ಪಠ್ಯಗಳೂ ಬಳಕೆಗೆ ಬಂದವು.

  

ಬೆಂಗಳೂರು

ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಅದು ಹಳೆಯ ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿನ ನರರಸಾಯನ ವಿಭಾಗ ಬುದ್ಧಿಮಾಂದ್ಯದ ಮಕ್ಕಳ ರಕ್ತಮೂತ್ರಗಳಲ್ಲಿ ಚಯಾಪಚಯ ದೋಷ ಹುಡುಕುವುದನ್ನು ತನ್ನ ಕಸುಬಾಗಿ ಮಾಡಿಕೊಂಡಿತು. ಬಿ. ಎಸ್. ಶ್ರೀಧರ ರಾಮ ರಾವ್ ಮತ್ತು ಮನೋವೈದ್ಯ ಎಚ್. ಎಸ್. ನಾರಾಯಣನ್ 1976ರಲ್ಲಿ ರಕ್ತಸಂಬಂಧದ ಮದುವೆಗೂ ಮನೆತನದಲ್ಲಿ ಮರುಕಳಿಸುವ ಬುದ್ಧಿಮಾಂದ್ಯಕ್ಕೂ ಇರುವ ನಂಟಿನ ಬಗ್ಗೆ ಬರೆದರು. ಮುಂದೆ ರೀಟಾ ಕ್ರಿಸ್ಟೋಫರ್ ಅದೇ ವಿಭಾಗದಲ್ಲಿ ಈ ಕೆಲಸವನ್ನು ಮುಂದುವರಿಸಿದರು. ವಿಜಯಲಕ್ಷ್ಮಿ ರವೀಂದ್ರನಾಥ್ ಮಿದುಳು ತಾನೇ ಔಷಧಗಳನ್ನು ಹೇಗೆ ಮಾರ್ಪಡಿಸುತ್ತದೆ ಎಂಬ ಸಂಶೋಧನೆಯನ್ನು ನಿಮ್ಹಾನ್ಸ್‌ನಲ್ಲಿ ಬೆಳೆಸಿ, 1996ರಲ್ಲಿ ಭಟ್ನಾಗರ್ ಪ್ರಶಸ್ತಿ ಪಡೆದು, ಆಮೇಲೆ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ಮೊದಲ ನಿರ್ದೇಶಕಿಯಾದರು.

ಕರ್ನಾಟಕದ ಅತಿ ದೊಡ್ಡ ಸಾಹಸ ಮಾತ್ರ 1980ರ ದಶಕದ್ದು. ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಜ್ಞ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ, ಎಚ್. ಎಸ್. ಸಾವಿತ್ರಿ ಮತ್ತಿತರರು ರಾಜ್ಯದ ಆಸ್ಪತ್ರೆಗಳಲ್ಲಿ ಹುಟ್ಟಿದ ಸುಮಾರು ಒಂದು ಲಕ್ಷ ಶಿಶುಗಳ ರಕ್ತದ ಹನಿಗಳನ್ನು ಅಮೈನೊ ಆಮ್ಲ ದೋಷಗಳಿಗಾಗಿ ಪರೀಕ್ಷಿಸಿದರು. ಫಲಿತಾಂಶ 1988ರಲ್ಲಿ ಪ್ರಕಟವಾಯಿತು. ಇಂದಿನ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರಗಳಿಲ್ಲದೆ, ತೆಳುಪದರ ಕ್ರೊಮ್ಯಾಟೊಗ್ರಫಿಯಲ್ಲಿ ಒಂದೊಂದು ಚುಕ್ಕೆಯನ್ನೂ ಕಣ್ಣಿನಿಂದ ನೋಡಿ ಮಾಡಿದ ಕೆಲಸ ಅದು. ಇಂಥ ಕಾಯಿಲೆಗಳು ಪರದೇಶದವು, ನಮ್ಮಲ್ಲಿ ಇಲ್ಲ ಎಂಬ ಆ ಕಾಲದ ನಂಬಿಕೆಯನ್ನು ಅದು ಮುರಿಯಿತು. ಅಷ್ಟು ಒಳ್ಳೆಯ ಆರಂಭ ಅಲ್ಲಿಂದಲೇ ರಾಜ್ಯವ್ಯಾಪಿ ಕಾರ್ಯಕ್ರಮವಾಗಿ ಬೆಳೆಯದೆ ಹೋದದ್ದು ನಮಗಾದ ನಷ್ಟ. ನೆರೆಯ ಗೋವಾ 2008ರಲ್ಲಿ ತನ್ನ ಸರ್ಕಾರಿ ಆಸ್ಪತ್ರೆಗಳ ಶಿಶುಗಳಿಗೆ ವಿಸ್ತೃತ ಪರೀಕ್ಷೆ ಆರಂಭಿಸಿತ್ತು.

ಸಂಬಂಧ, ಬಳಿ ಮತ್ತು ಜೀನ್

ಶಿಶುಗಳ ರಕ್ತ ಪರೀಕ್ಷಿಸಿದ ಅಪ್ಪಾಜಿ ರಾವ್ ಅವರ ತಂಡವೇ ಬ್ರಿಟನ್ನಿನ ಅಲನ್ ಬಿಟಲ್ಸ್ ಜೊತೆ ಸೇರಿ ಕರ್ನಾಟಕದ ಮದುವೆಗಳನ್ನೂ ಲೆಕ್ಕ ಹಾಕಿತು. ಅವರು ವಿಚಾರಿಸಿದ ತಾಯಂದಿರಲ್ಲಿ ಸುಮಾರು ಮೂರನೇ ಒಂದು ಭಾಗದವರ ಮದುವೆ ರಕ್ತಸಂಬಂಧದೊಳಗೇ ಆಗಿತ್ತು. ಸೋದರಮಾವ ಅಕ್ಕನ ಮಗಳನ್ನು ತರುವುದು, ಸೋದರಮಾವನ ಮಗಳನ್ನು ತರುವುದು ಹೆಚ್ಚಾಗಿ ಕಂಡ ಬಗೆಗಳು.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಚಿತ್ರ ಸ್ವಲ್ಪ ಬೇರೆ. ಅಳಿಯ ಸಂತಾನದ ಬಂಟ, ಬಿಲ್ಲವ, ಮೊಗವೀರ ಮನೆತನಗಳಲ್ಲಿ ತಾಯಿಯ ಕಡೆಯಿಂದ ಬರುವ ಬಳಿ ಎಂಬ ಕುಲವೇ ಲೆಕ್ಕ. ಒಂದೇ ಬಳಿಯೊಳಗೆ ಮದುವೆಯಿಲ್ಲ. ಸೋದರಮಾವನೂ ಅಕ್ಕನ ಮಗಳೂ ಒಂದೇ ಬಳಿಯವರಾದ್ದರಿಂದ ಆ ಮದುವೆಗೆ ದಾರಿಯೇ ಇಲ್ಲ. ಮಾವನ ಮಗಳು, ಅತ್ತೆಯ ಮಗಳು ಬೇರೆ ಬಳಿಯವರು, ಆದ್ದರಿಂದ ಆಗಬಹುದು. ತಳಿವಿಜ್ಞಾನದ ಲೆಕ್ಕ ಹೀಗಿದೆ: ಸೋದರಮಾವ–ಅಕ್ಕನ ಮಗಳ ಮಗುವಿನಲ್ಲಿ ಯಾವುದೇ ಜೀನಿನ ಎರಡೂ ಪ್ರತಿಗಳು ಒಬ್ಬನೇ ಪೂರ್ವಜನಿಂದ ಬಂದಿರುವ ಸಂಭವ ಎಂಟರಲ್ಲಿ ಒಂದು, ಮಾವನ ಮಗಳನ್ನೋ ಅತ್ತೆಯ ಮಗಳನ್ನೋ ಮದುವೆಯಾದವರ ಮಗುವಿನಲ್ಲಿ ಹದಿನಾರರಲ್ಲಿ ಒಂದು. ಬಳಿಯ ಕಟ್ಟಳೆ ಅಪಾಯದ ಹೆಚ್ಚಿನ ಮೆಟ್ಟಿಲನ್ನು ತಪ್ಪಿಸಿತು, ಕೆಳಗಿನದನ್ನು ಹಾಗೆಯೇ ಬಿಟ್ಟಿತು.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದ ಡಿಎನ್‌ಎ ಸಾಗುವ ಹಾದಿ ಬಳಿಯದೇ ಹಾದಿ: ತಾಯಿಯಿಂದ ಎಲ್ಲ ಮಕ್ಕಳಿಗೆ, ಮುಂದಿನ ಪೀಳಿಗೆಗೆ ಹೆಣ್ಣುಮಕ್ಕಳಿಂದ ಮಾತ್ರ. ಆದರೆ ಪಿಕೆಯುವಿನಂಥ ಬಹುಪಾಲು ಚಯಾಪಚಯ ದೋಷಗಳು ಅಪ್ರಬಲ ಜೀನುಗಳಿಂದ ಬರುತ್ತವೆ. ತಂದೆಯಿಂದ ಒಂದು, ತಾಯಿಯಿಂದ ಒಂದು ಕೆಟ್ಟ ಪ್ರತಿ ಬಂದಾಗ ಮಾತ್ರ ಕಾಯಿಲೆ. ತಂದೆತಾಯಿ ಇಬ್ಬರೂ ಆರೋಗ್ಯವಂತರೇ. ‘ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ’ ಎಂಬ ಮಾತು ನಿಜವಿದ್ದರೂ ಮಗುವಿಗೆ ರಕ್ಷೆಯಲ್ಲ. ಇಂಥ ಮಗು ಹುಟ್ಟಿದಾಗ ತಾಯಿಯ ಗ್ರಹಚಾರ, ಸೊಸೆಯ ಕಾಲ್ಗುಣ ಎನ್ನುವವರು ತಿಳಿಯಬೇಕಾದದ್ದು ಇಷ್ಟೆ: ದೋಷದ ಪಾಲು ಎರಡೂ ಕಡೆ ಸಮ, ತಪ್ಪು ಯಾರದೂ ಅಲ್ಲ.

ಗಂಜಿ, ಮೀನು, ಮೆಂತೆ

ಪಿಕೆಯು ಇರುವ ಮಗುವಿನ ಮಿದುಳು ಕೆಡುವ ಬಗೆ ನರರಸಾಯನದ ಒಳ್ಳೆಯ ಪಾಠ. ದೊಡ್ಡ ಗಾತ್ರದ ಹಲವು ಅಮೈನೊ ಆಮ್ಲಗಳು ರಕ್ತದಿಂದ ಮಿದುಳಿಗೆ ಹೋಗುವುದು ಒಂದೇ ವಾಹಕದ ಮೂಲಕ. ರಕ್ತದಲ್ಲಿ ಫಿನೈಲ್‌ಅಲನೀನ್ ಉಕ್ಕಿದಾಗ ಟೈರೋಸಿನ್, ಟ್ರಿಪ್ಟೊಫ್ಯಾನ್‌ಗಳಿಗೆ ಎಡೆ ಸಿಗುವುದಿಲ್ಲ. ಅವುಗಳಿಂದ ಆಗಬೇಕಾದ ಡೋಪಮಿನ್, ಸೆರೊಟೋನಿನ್ ಕುಗ್ಗುತ್ತವೆ, ಮಯಲಿನ್ ಹೊದಿಕೆಯೂ ಸೊರಗುತ್ತದೆ.

ಚಿಕಿತ್ಸೆ ಇರುವುದು ಊಟದಲ್ಲಿ. ತೀವ್ರ ಪಿಕೆಯು ಇರುವ ಮಗು ದಿನಕ್ಕೆ ತಡೆದುಕೊಳ್ಳುವ ಫಿನೈಲ್‌ಅಲನೀನ್ ಅನೇಕ ವೇಳೆ 250ರಿಂದ 500 ಮಿಲಿಗ್ರಾಂ ಮಾತ್ರ. ಅಕ್ಕಿಯಲ್ಲಿ ನೂರಕ್ಕೆ ಏಳರಷ್ಟು ಪ್ರೋಟೀನ್, ಅದರಲ್ಲಿ ನೂರಕ್ಕೆ ಐದರಷ್ಟು ಫಿನೈಲ್‌ಅಲನೀನ್. 100 ಗ್ರಾಂ ಕುಚ್ಚಲಕ್ಕಿಯ ಗಂಜಿಗೆ ಸುಮಾರು 350 ಮಿಲಿಗ್ರಾಂ ಆಯಿತು. ಅಲ್ಲಿಗೆ ದಿನದ ಪಾಲು ಮುಗಿದಂತೆಯೇ. ಅಷ್ಟೇ ತೂಕದ ಬಂಗುಡೆಯಲ್ಲಿ ಇದರ ಎರಡು ಪಟ್ಟು. ಮೀನು, ಮೊಟ್ಟೆ, ಬೇಳೆ, ಹಾಲು ಎಲ್ಲ ದೂರ. ಬೆಳವಣಿಗೆಗೆ ಬೇಕಾದ ಪ್ರೋಟೀನನ್ನು ಫಿನೈಲ್‌ಅಲನೀನ್ ಇಲ್ಲದ ವಿಶೇಷ ಪುಡಿಯಿಂದ ಕೊಡಬೇಕು. ಗಂಗೊಳ್ಳಿಯ ಮೀನುಗಾರರ ಮನೆಯಲ್ಲಿ, ಪಕ್ಕದ ತಟ್ಟೆಯಲ್ಲಿ ಮೀನಿನ ಗಸಿ ಇರುವಾಗ ಮಗುವಿನ ಊಟವನ್ನು ತಕ್ಕಡಿಯಲ್ಲಿ ತೂಗಿ ಬಡಿಸಬೇಕಾದರೆ ಆ ತಾಯಿಗೆ ಎಷ್ಟು ಗಟ್ಟಿ ಮನಸ್ಸು ಬೇಕು! ಆದರೆ ಹಾಗೆ ಬೆಳೆದ ಮಗು ಎಲ್ಲರಂತೆ ಶಾಲೆಗೆ ಹೋಗುತ್ತದೆ, ಕಲಿಯುತ್ತದೆ.

ಮೇಪಲ್ ಸಿರಪ್ ಮೂತ್ರ ಕಾಯಿಲೆಯನ್ನು 1954ರಲ್ಲಿ ಜಾನ್ ಮೆಂಕೆಸ್ ವರ್ಣಿಸಿದರು. ಲ್ಯೂಸಿನ್ ಮೊದಲಾದ ಮೂರು ಅಮೈನೊ ಆಮ್ಲಗಳು ಒಡೆಯದೆ ಉಳಿಯುತ್ತವೆ. ಹುಟ್ಟಿದ ಒಂದೆರಡು ವಾರದೊಳಗೇ ಪ್ರಾಣಕ್ಕೆ ಸಂಚಕಾರ. ಮೂತ್ರಕ್ಕೆ ಸುಟ್ಟ ಸಕ್ಕರೆಯ ವಾಸನೆ ಬರುತ್ತದೆ. ಆ ವಾಸನೆಗೆ ಕಾರಣವಾದ ಸೊಟೊಲೋನ್ ಎಂಬ ಅಣು ಮೆಂತೆಯಲ್ಲೂ ಇದೆ. ತಾಯಿ ಮೆಂತೆ ಸೇವಿಸಿದ್ದರಿಂದ ಆರೋಗ್ಯವಂತ ಶಿಶುವಿನಲ್ಲಿ ಅದೇ ವಾಸನೆ ಕಂಡು ವೈದ್ಯರು ಅನುಮಾನಪಟ್ಟ ಪ್ರಸಂಗಗಳು ವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ. ಬಾಣಂತಿಗೆ ಮೆಂತೆ ಕೊಡುವುದು ರೂಢಿಯಾಗಿರುವ ನಮ್ಮ ಕಡೆ ಇದನ್ನು ವೈದ್ಯರೂ ಮನೆಯವರೂ ನೆನಪಿಡಬೇಕು. ವಾಸನೆ ಬಂದರೆ ಹೆದರಬೇಕಿಲ್ಲ, ಕಡೆಗಣಿಸಲೂ ಬಾರದು; ರಕ್ತಪರೀಕ್ಷೆ ಮಾಡಿಸಬೇಕು.

ಹಿಮ್ಮಡಿಯ ಹನಿ

ಇಂದು ಒಂದೇ ರಕ್ತದ ಹನಿಯಿಂದ ಟ್ಯಾಂಡೆಮ್ ಮಾಸ್ ಸ್ಪೆಕ್ಟ್ರೋಮೆಟ್ರಿ ನಲವತ್ತಕ್ಕೂ ಹೆಚ್ಚು ದೋಷಗಳನ್ನು ಒಮ್ಮೆಗೇ ಹುಡುಕಬಲ್ಲದು. ಇದಲ್ಲದೆ ಜನ್ಮಜಾತ ಥೈರಾಯ್ಡ್ ಕೊರತೆ ಭಾರತದಲ್ಲಿ ಸಾವಿರ ಶಿಶುಗಳಿಗೆ ಒಂದರ ಆಸುಪಾಸಿನಲ್ಲಿ ಕಾಣುತ್ತದೆ. ಅದಕ್ಕೆ ಬೇಕಾದದ್ದು ಅಗ್ಗದ ಥೈರಾಕ್ಸಿನ್ ಮಾತ್ರೆ. ಮೊದಲ ಎರಡು ವಾರದೊಳಗೆ ಶುರು ಮಾಡಿದರೆ ಬುದ್ಧಿ ಉಳಿಯುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಒಂದು ಬದುಕನ್ನು ಉಳಿಸುವ ಅವಕಾಶ ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ.

ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ 2021ರಲ್ಲಿ ಬಂತು. ವಿಶೇಷ ಆಹಾರದಿಂದ ಹತೋಟಿಗೆ ಬರುವ ಪಿಕೆಯು, ಮೇಪಲ್ ಸಿರಪ್ ಕಾಯಿಲೆಗಳೂ ಅದರಲ್ಲಿ ಸೇರಿವೆ. ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ಅದಕ್ಕೆಂದು ಗುರುತಿಸಿದ ಉತ್ಕೃಷ್ಟತಾ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಯೂ ಸೇರಿವೆ.

ತೊಡಕು ಇರುವುದು ದಿನಗಳ ಲೆಕ್ಕದಲ್ಲಿ. ಹನಿ ತೆಗೆಯಲು ಒಳ್ಳೆಯ ಹೊತ್ತು ಹುಟ್ಟಿದ 24 ಗಂಟೆಯ ಮೇಲೆ, 72 ಗಂಟೆಯ ಒಳಗೆ. ಅಷ್ಟರಲ್ಲಿ ಅನೇಕ ಬಾಣಂತಿಯರು ಮನೆಗೆ ಹೊರಟಿರುತ್ತಾರೆ, ಅದೂ ಗಂಡನ ಮನೆಗಲ್ಲ, ತವರಿಗೆ. ಆಸ್ಪತ್ರೆಯ ಕಡತದಲ್ಲಿ ಬ್ರಹ್ಮಾವರದ ವಿಳಾಸ, ಮಗು ಇರುವುದು ಬೈಂದೂರಿನ ಒಳಹಳ್ಳಿಯಲ್ಲಿ, ತಂದೆ ಮುಂಬಯಿಯ ಹೋಟೆಲಿನಲ್ಲಿ. ವರದಿಯಲ್ಲಿ ಅನುಮಾನ ಬಂದು ಮರುಪರೀಕ್ಷೆಗೆ ಕರೆಯಬೇಕೆಂದರೆ ಯಾರನ್ನು ಹುಡುಕುವುದು? ಆಶಾ ಕಾರ್ಯಕರ್ತೆಯರ ಜಾಲ ಈ ಕೊಂಡಿಯನ್ನು ಕಟ್ಟಬಲ್ಲದು. ಕಡತದಲ್ಲಿ ತವರುಮನೆಯ ವಿಳಾಸವನ್ನೂ ಫೋನ್ ನಂಬರನ್ನೂ ಬರೆಸಿಡುವುದು ಅದರ ಮೊದಲ ಕೆಲಸ.

ಮನೆಯಲ್ಲಿ ಬಸುರಿ ಇರುವವರು ಹೆರಿಗೆಗೆ ಮೊದಲೇ ವೈದ್ಯರಲ್ಲಿ ಕೇಳಿ: ಮಗುವಿನ ಹಿಮ್ಮಡಿಯ ರಕ್ತಪರೀಕ್ಷೆ ಇಲ್ಲಿ ಮಾಡುತ್ತೀರಾ, ಯಾವ ಯಾವ ದೋಷಗಳಿಗೆ, ವರದಿ ಎಂದು ಬರುತ್ತದೆ? ಇಲ್ಲವೆಂದರೆ ಎಲ್ಲಿ ಮಾಡಿಸಬಹುದೆಂದು ಕೇಳಿ. ಸೋದರಿಕೆಯಲ್ಲಿ ಮದುವೆಯಾದವರು, ಹಿಂದೆ ಕಾರಣ ತಿಳಿಯದೆ ಹಸುಗೂಸನ್ನು ಕಳೆದುಕೊಂಡವರು ಈ ಮಾತನ್ನು ವೈದ್ಯರಿಂದ ಮುಚ್ಚಿಡದೆ ಹೇಳಿ. ಪರೀಕ್ಷೆ ಆದಮೇಲೆ ವರದಿ ಕೈಗೆ ಬರುವವರೆಗೆ ಬಿಡಬೇಡಿ.